ಕಾಣುವುದೇ ಬೇರೆ, ಒಳಗಿರುವುದೇ ಬೇರೆ

ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದ ದಿನಗಳಲ್ಲೇ ಕೊಡಗಿನ ಮನೆಗಳಲ್ಲಿ ಮಕ್ಕಳ ಕಂಪ್ಯೂಟರ್ ಹೋಂವರ್ಕ್ ಹೊರಗೆ ಬರುತ್ತದೆ. ಹೆಚ್ಚಾಗಿ ಅದು ಎರಡರಲ್ಲಿ ಒಂದು: ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಹದಿನೈದು ಸಾಲಿನ ಪ್ರೋಗ್ರಾಂ, ಇಲ್ಲವೇ ಫೋಟೊ ಮತ್ತು ಬರಹ ಸೇರಿಸಿದ ಪೋಸ್ಟರ್. ಅದು ಮುಗಿಯುವ ರೀತಿಯೂ ಎಲ್ಲ ಮನೆಗಳಲ್ಲಿ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನೋ ಅಕ್ಕನೋ ರಾತ್ರಿ ಕೂತು ಬರೆದು ವಾಟ್ಸಾಪ್‌ಗೆ ಹಾಕುತ್ತಾರೆ, ಮಗು ಅದನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋಗುತ್ತದೆ. ಪ್ರೋಗ್ರಾಂ ಓಡುತ್ತದೆ, ಅಂಕವೂ ಬರುತ್ತದೆ. ಆದರೆ ಟೀಚರ್ "ಇದನ್ನೇ ಮೂವತ್ತೊಂದು ದಿನದ ತಿಂಗಳಿಗೆ ಬದಲಾಯಿಸು" ಎಂದರೆ ಮಗು ಪರದೆ ನೋಡುತ್ತ ನಿಂತುಬಿಡುತ್ತದೆ. ಆ ನಿಲ್ಲುವಿಕೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಮಕ್ಕಳಿಗೆ ತರ್ಕ ಬರುವುದಿಲ್ಲ, ಅದಕ್ಕೇ ಕಷ್ಟ ಎಂದು ದೊಡ್ಡವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷದ ಮಗುವಿಗೆ ಕೂಡಿಸಿ ಭಾಗಿಸಿ ಸರಾಸರಿ ತೆಗೆಯುವುದು ಗೊತ್ತಿರುತ್ತದೆ. ಅದು ಸಿಕ್ಕಿಕೊಳ್ಳುವ ಜಾಗ ಬೇರೆ. 25 ಎಂಬ ಸಂಖ್ಯೆ ಮತ್ತು 25 ಎಂಬ ಎರಡು ಅಕ್ಷರಗಳ ಸಾಲು ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಒಂದರ ಮೇಲೊಂದು ಇಟ್ಟ ಪದರಗಳು, ಅಂದರೆ ಲೇಯರ್ ಇರುವ ಚಿತ್ರ, ಲೇಯರ್‌ಗಳೆಲ್ಲ ಒಂದಾಗಿಹೋದ ಚಿತ್ರ ಎರಡೂ ಒಂದೇ ಥರ ಕಾಣುತ್ತವೆ. ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ ಇರುವ ಯೂನಿಕೋಡ್ ಕನ್ನಡ, ನುಡಿ ಎಂಬ ತಂತ್ರಾಂಶದ ಹಳೆಯ ಅಕ್ಷರದ ಕನ್ನಡ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಏನಿದೆ ಎಂದು ಯಾರೂ ತೋರಿಸಿಕೊಟ್ಟಿಲ್ಲದ ಕಡೆ ಮಗುವಿನ ತರ್ಕ ಎಷ್ಟು ಚುರುಕಾಗಿದ್ದರೂ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಾಗಿ ಹೋಂವರ್ಕ್‌ಗೆ ಸಹಾಯ ಮಾಡಲು ಕೂತವರ ಕೆಲಸದ ಬಹುಪಾಲು, ಕಾಣದೆ ಇರುವುದನ್ನು ಮಗುವಿನ ಕಣ್ಣಿಗೆ ಕಾಣಿಸುವುದು.

ಐದು ಸೆಂಟ್ ಮಳೆ

ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಡೈರಿ ಇರುತ್ತದೆ. ಬೆಳಗ್ಗೆ ಮಾಪಕದ ನೀರನ್ನು ಅಳೆಯುವ ಗಾಜಿಗೆ ಸುರಿದು ಇಂಚು ಮತ್ತು ಸೆಂಟ್‌ನಲ್ಲಿ ಬರೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು. ಹವಾಮಾನ ಇಲಾಖೆ ಹೇಳುವುದು ಮಿಲಿಮೀಟರ್‌ನಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರ್. ಡೈರಿಯ ಲೆಕ್ಕವನ್ನು ಮಿಲಿಮೀಟರ್‌ಗೆ ತಿರುಗಿಸುವ ಪ್ರೋಗ್ರಾಂಗಿಂತ ಒಳ್ಳೆಯ ಮೊದಲ ಹೋಂವರ್ಕ್ ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಉತ್ತರ ಸರಿಯೋ ತಪ್ಪೋ ಎಂದು ನೋಡಲು ಪುಸ್ತಕ ಬೇಡ, ಮನೆಯಲ್ಲೇ ಬಲ್ಲವರಿರುತ್ತಾರೆ.

ನಾಪೋಕ್ಲು ಕಡೆಯ ಒಂದು ಮನೆಯ ಜಗಲಿಯಲ್ಲಿ ಒಬ್ಬಳು ಹುಡುಗಿ ಇದನ್ನೇ ಬರೆಯುತ್ತಿದ್ದಳು. ಮೊದಲು ಇಂಚು ಕೇಳಿ, ಅದನ್ನು 25.4ರಿಂದ ಗುಣಿಸಿದಳು. ಟೈಪ್‌ಎರರ್ ಬಂತು. ಇನ್‌ಪುಟ್ ಎಂಬ ಆಜ್ಞೆ ಕೀಲಿಮಣೆಯಿಂದ ತರುವುದು ಯಾವಾಗಲೂ ಅಕ್ಷರಗಳ ಸಾಲನ್ನು, ಸಂಖ್ಯೆಯನ್ನಲ್ಲ. ಅದನ್ನು 3ರಂಥ ಪೂರ್ಣಾಂಕದಿಂದ ಗುಣಿಸಿದರೆ ಪೈಥಾನ್ ದೂರುವುದೇ ಇಲ್ಲ. ಎರಡನ್ನು ಮೂರು ಸಲ ಬರೆದು 222 ಕೊಡುತ್ತದೆ. ದಶಮಾಂಶದಿಂದ ಗುಣಿಸಿದಾಗ ಮಾತ್ರ ನಿಲ್ಲಿಸಿ ಹೇಳುತ್ತದೆ. ದೂರದೆ ತಪ್ಪು ಉತ್ತರ ಕೊಡುವುದು ಎರರ್‌ಗಿಂತ ಅಪಾಯ, ಅದನ್ನು ಮಕ್ಕಳಿಗೆ ಬೇಕೆಂದೇ ಒಮ್ಮೆ ಮಾಡಿ ತೋರಿಸಬೇಕು. ಹುಡುಗಿ ಎರರ್‌ನಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಕಂಡುಕೊಂಡಳು. ಅಕ್ಷರಗಳೇ ಬರುವುದಾದರೆ ಅಕ್ಷರಗಳನ್ನೇ ಜೋಡಿಸೋಣ ಎಂದು ಹೀಗೆ ಬರೆದಳು:

ಮೊತ್ತ = ಇಂಚು + "." + ಸೆಂಟ್

ಆಮೇಲೆ ಆ ಮೊತ್ತವನ್ನು, ಅಕ್ಷರಗಳನ್ನು ದಶಮಾಂಶ ಸಂಖ್ಯೆಯಾಗಿಸುವ ಫ್ಲೋಟ್‌ಗೆ ಕೊಟ್ಟು 25.4ರಿಂದ ಗುಣಿಸಿದಳು. (ಪೈಥಾನ್ 3ರಲ್ಲಿ ಬೆಲೆಯನ್ನು ಇಟ್ಟುಕೊಳ್ಳುವ ವೇರಿಯಬಲ್‌ಗೆ ಕನ್ನಡದ ಹೆಸರು ನಡೆಯುತ್ತದೆ. ಆಜ್ಞೆಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.) 2 ಇಂಚು 35 ಸೆಂಟ್ ಕೊಟ್ಟಾಗ 59.69 ಬಂತು. ಸರಿಯಾದ ಉತ್ತರ. ಮರುದಿನದ್ದು 2 ಇಂಚು 5 ಸೆಂಟ್, ಉತ್ತರ 63.5. ಪಕ್ಕದಲ್ಲಿ ಕೂತಿದ್ದ ಅಜ್ಜ ಪರದೆಯನ್ನೂ ನೋಡಲಿಲ್ಲ. "ನಿನ್ನೆಗಿಂತ ಇವತ್ತು ಕಡಿಮೆ ಬಂದಿದೆ, ನಿಂದು ಜಾಸ್ತಿ ಹೇಳ್ತಿದೆಯಲ್ಲ. ಐದು ಸೆಂಟ್ ಅಂದ್ರೆ ಪಾಯಿಂಟ್ ಐದಲ್ಲ, ಪಾಯಿಂಟ್ ಸೊನ್ನೆ ಐದು" ಎಂದರು. ಸರಿಯಾದ ಉತ್ತರ 52.07. ತೋಟದ ಲೆಕ್ಕ ಬಲ್ಲವರು ಕಂಪ್ಯೂಟರ್ ಬಾರದೆಯೂ ತಪ್ಪನ್ನು ಹಿಡಿದರು. ಪ್ರೋಗ್ರಾಂ ಓಡಿಸುವ ಮುಂಚೆ "ಉತ್ತರ ಎಷ್ಟರ ಆಸುಪಾಸು ಬರಬೇಕು?" ಎಂದು ಮಗುವಿನ ಕೈಲಿ ಬಾಯಿಬಿಟ್ಟು ಹೇಳಿಸುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸರಿಮಾಡುವ ದಾರಿ ಸುಲಭ. ಇಂಚನ್ನೂ ಸೆಂಟನ್ನೂ ಇಂಟ್‌ಗೆ ಕೊಟ್ಟು ಸಂಖ್ಯೆಯಾಗಿಸಿ, ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಕೂಡಿಸುವುದು. ಅದಕ್ಕಿಂತ ಗಟ್ಟಿಯಾದದ್ದು, ಎಲ್ಲವನ್ನೂ ಸೆಂಟ್‌ನಲ್ಲೇ ಇಟ್ಟುಕೊಳ್ಳುವುದು: 2 ಇಂಚು 5 ಸೆಂಟ್ ಅಂದರೆ 205. ತಿಂಗಳಿಡೀ ಪೂರ್ಣಾಂಕಗಳನ್ನೇ ಕೂಡಿಸಿ, ಕೊನೆಗೆ ಒಂದೇ ಸಲ 0.254ರಿಂದ ಗುಣಿಸಿ, ರೌಂಡ್ ಆಜ್ಞೆಯಿಂದ ಎರಡು ದಶಮಾಂಶಕ್ಕೆ ನಿಲ್ಲಿಸಬೇಕು. ಕಂಪ್ಯೂಟರ್ ದಶಮಾಂಶವನ್ನು ಎರಡರ ಘಾತಗಳಲ್ಲಿ ಇಡುವುದರಿಂದ 0.1 ಅದಕ್ಕೆ ನಿಖರವಾಗಿ ಸಿಗುವುದಿಲ್ಲ, 0.1ನ್ನು ಹತ್ತು ಸಲ ಒಂದಕ್ಕೊಂದು ಕೂಡಿಸುತ್ತ ಹೋದರೆ 0.9999999999999999 ಬರುತ್ತದೆ. ಅದನ್ನು ಕಂಡ ಮಗು ತಾನೇ ಏನೋ ತಪ್ಪು ಮಾಡಿದೆನೆಂದು ಅಳಿಸಿ ಮತ್ತೆ ಬರೆಯುತ್ತದೆ. ತಪ್ಪು ಅದರದ್ದಲ್ಲ ಎಂದು ಮೊದಲೇ ಹೇಳಿಬಿಡಿ.

ತಿಂಗಳ ಮೊತ್ತಕ್ಕೆ, ಒಂದೇ ಕೆಲಸವನ್ನು ಪ್ರತಿ ದಿನಕ್ಕೂ ಮತ್ತೆ ಮಾಡಿಸುವ ಫಾರ್ ಲೂಪ್ ಬರೆಯುವಾಗ ತಪ್ಪುಗಳು ಬರುವುದು ಗೊತ್ತಿರುವ ಜಾಗಗಳಲ್ಲೇ. ರೇಂಜ್ 1ರಿಂದ 30 ಎಂದರೆ 29ಕ್ಕೇ ನಿಲ್ಲುತ್ತದೆ, ಜೂನ್ ತಿಂಗಳ ಕೊನೆಯ ದಿನದ ಮಳೆ ಲೆಕ್ಕಕ್ಕೆ ಸೇರುವುದಿಲ್ಲ. 31 ಎಂದು ಕೊಡಬೇಕು. ಮೊತ್ತ = 0 ಎಂಬ ಸಾಲು ಲೂಪಿನ ಒಳಗೆ ಸೇರಿಕೊಂಡರೆ ಪ್ರತಿ ದಿನವೂ ಲೆಕ್ಕ ಸೊನ್ನೆಯಿಂದ ಶುರುವಾಗಿ ಕೊನೆಯ ದಿನದ ಮಳೆಯೊಂದೇ ಉಳಿಯುತ್ತದೆ. ಡೈರಿಯಲ್ಲಿ ಖಾಲಿ ಬಿಟ್ಟ ದಿನವನ್ನು ಫೈಲಿನಲ್ಲೂ ಖಾಲಿ ಬಿಟ್ಟರೆ ಇಂಟ್‌ಗೆ ಏನೂ ಸಿಗದೆ ವ್ಯಾಲ್ಯೂಎರರ್ ಬರುತ್ತದೆ. ಮಳೆ ಬಾರದ ದಿನಕ್ಕೂ ಅಳೆಯದ ದಿನಕ್ಕೂ ಇರುವ ವ್ಯತ್ಯಾಸ ಇಲ್ಲಿ ಎದುರಾಗುತ್ತದೆ, ಅದರ ಬಗ್ಗೆ ಮನೆಯವರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು. ಮಳೆಗೆ ಗುಡ್ಡಗಳು ಕುಸಿದ 2018ರ ಆಗಸ್ಟ್ ಪುಟವನ್ನು ಪ್ರೋಗ್ರಾಂಗೆ ಹಾಕಲು ಹೊರಡುವ ಮಕ್ಕಳೂ ಇದ್ದಾರೆ. ಕೆಲವು ಮನೆಗಳಲ್ಲಿ ಆ ವಾರದ ಸಾಲುಗಳು ಯಾಕೆ ಖಾಲಿ ಎಂದು ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆ ಖಾಲಿ ಜಾಗಕ್ಕೆ ಸೊನ್ನೆ ತುಂಬಲು ಮಾತ್ರ ಬಿಡಬೇಡಿ.

ಎರರ್ ಓದುವುದು

ಎರರ್ ಬಂದ ಕೂಡಲೇ ಮಕ್ಕಳು ಕಿಟಕಿ ಮುಚ್ಚುತ್ತಾರೆ. ಕೆಂಪು ಅಕ್ಷರ, ಅದೂ ಇಂಗ್ಲಿಷ್. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವ, ಶಾಲೆಯಲ್ಲಿ ಕನ್ನಡದಲ್ಲಿ ಓದುವ ಮಗುವಿಗೆ ಅದು ಬೈದ ಹಾಗೆ ಕೇಳುತ್ತದೆ. ಪೈಥಾನ್ ಎರರನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎನ್ನುವ ಒಂದೇ ಅಭ್ಯಾಸ ಅರ್ಧ ಭಯ ಕಳೆಯುತ್ತದೆ. ಕೊನೆಯ ಸಾಲು ಏನಾಯಿತು ಎಂದು ಹೇಳುತ್ತದೆ, ಅದರ ಮೇಲಿನದು ಎಲ್ಲಿ ಎಂದು. ಸಾಲಿನ ಸಂಖ್ಯೆಯಲ್ಲಿ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲಿನಲ್ಲಿ ಮುಚ್ಚದ ಆವರಣ ಇದೆಯೇ ನೋಡಿ. 2021ರಲ್ಲಿ ಬಂದ 3.10ರ ನಂತರದ ಪೈಥಾನ್ ಇದನ್ನು ನೇರವಾಗಿಯೇ ಹೇಳುತ್ತದೆ, ಹಳೆಯದು ಮುಂದಿನ ಸಾಲಿನ ಮೇಲೆ ಬೆರಳು ತೋರಿಸುತ್ತದೆ. ಲ್ಯಾಬಿನಲ್ಲಿ ಹಳೆಯದು, ಮನೆಯಲ್ಲಿ ಹೊಸದು ಇರುವುದು ಸಾಮಾನ್ಯ.

ನೋಟ್ಸನ್ನು ವರ್ಡ್‌ನಲ್ಲಿ ಟೈಪ್ ಮಾಡಿ ಅಲ್ಲಿಂದ ಕಾಪಿ ಮಾಡುವುದು ಇನ್ನೊಂದು ತೊಂದರೆ. ವರ್ಡ್ ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿಸುತ್ತದೆ, ಸಾಲಿನ ಮೊದಲಿರುವ ಪ್ರಿಂಟ್ ಆಜ್ಞೆಯ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಮೊದಲನೆಯದಕ್ಕೆ ಸಿಂಟ್ಯಾಕ್ಸ್‌ಎರರ್, ಎರಡನೆಯದಕ್ಕೆ ನೇಮ್‌ಎರರ್. ಎರಡೂ ಕಡೆ ಮಗು ನೋಡಿ ನೋಡಿ "ಎಲ್ಲ ಸರಿಯಾಗೇ ಇದೆ" ಅನ್ನುತ್ತದೆ. ನೋಟ್‌ಪ್ಯಾಡ್‌ನಲ್ಲಿ ಉಳಿಸಿದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಬಾಲ ಸೇರುತ್ತದೆ, ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತದೆ. ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಟಿಕ್ ಹಾಕಿಕೊಳ್ಳುವುದು ಹೋಂವರ್ಕಿನ ಮೊದಲ ಕೆಲಸ ಆಗಬೇಕು.

ಶುರುವಿನ ಮಕ್ಕಳಿಗೆ ನಾನು ಥೋನಿ ಎಂಬ ಉಚಿತ ಎಡಿಟರ್ ಹೇಳುತ್ತೇನೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಪೈಥಾನ್ ಅದರೊಳಗೇ ಬರುತ್ತದೆ. ಇನ್‌ಸ್ಟಾಲರನ್ನು ನೆಟ್‌ವರ್ಕ್ ಸಿಗುವ ಕಡೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದರೆ ಸಾಕು, ಆಮೇಲೆ ಇಂಟರ್‌ನೆಟ್ ಬೇಡ. ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ತೆರೆದಿಟ್ಟರೆ ಪಕ್ಕದಲ್ಲಿ ಪ್ರತಿ ಹೆಸರಿನ ಎದುರು ಅದರ ಬೆಲೆ ಕಾಣುತ್ತದೆ. ಸಂಖ್ಯೆಯಾದರೆ 25 ಎಂದಷ್ಟೇ, ಅಕ್ಷರಗಳಾದರೆ ಉದ್ಧರಣ ಚಿಹ್ನೆಯ ಒಳಗೆ '25' ಎಂದು. ಮೊದಲ ತಿಂಗಳ ಅರ್ಧಕ್ಕಿಂತ ಹೆಚ್ಚು ಗೊಂದಲ ಆ ಒಂದು ಪಟ್ಟಿಯಿಂದಲೇ ತೀರುತ್ತದೆ.

ವಿಕಟಕವಿಯ ಪರೀಕ್ಷೆ

ಎರಡೂ ಕಡೆಯಿಂದ ಓದಿದರೆ ಒಂದೇ ಆಗುವ ಪದವನ್ನು ಗುರುತಿಸುವ ಪ್ರೋಗ್ರಾಂ ಎಷ್ಟೋ ಪಠ್ಯಗಳಲ್ಲಿ ಇದೆ. ಪದದ ನಂತರ [::-1] ಎಂದು ಬರೆದರೆ ತಿರುಗುಮುರುಗಾಗುತ್ತದೆ, ಅದನ್ನು ಮೂಲದ ಜೊತೆ ಹೋಲಿಸಿದರೆ ಮುಗಿಯಿತು. ಇಂಗ್ಲಿಷ್ ಪದ ಕೊಟ್ಟು ಮುಗಿಸಿದ ಮಗುವಿಗೆ ನಮ್ಮ "ವಿಕಟಕವಿ"ಯನ್ನು ಕೊಡಲು ಹೇಳಿ. ಪ್ರೋಗ್ರಾಂ ಇಲ್ಲ ಅನ್ನುತ್ತದೆ. "ಕನಕ" ಕೊಟ್ಟರೆ ಹೌದು ಅನ್ನುತ್ತದೆ. ಇಲ್ಲಿ ಮಗುವಿನ ಕಣ್ಣು ಅರಳುತ್ತದೆ, ಅದಕ್ಕಾಗಿಯಾದರೂ ಇದನ್ನು ಬಿಡಬಾರದು.

ಕಾರಣ ಇದು. ಪರದೆಯ ಮೇಲೆ ಒಂದೇ ಆಗಿ ಕಾಣುವ "ವಿ" ಒಳಗೆ ಎರಡು: ವ, ಅದರ ಹಿಂದೆ ಇಕಾರದ ಗುಣಿತ ಚಿಹ್ನೆ. ತಿರುಗಿಸಿದಾಗ ಚಿಹ್ನೆ ಮುಂದಕ್ಕೆ, ವ ಹಿಂದಕ್ಕೆ ಹೋಗುತ್ತದೆ. ಲೆನ್ ಆಜ್ಞೆಯಿಂದ "ಮಡಿಕೇರಿ"ಯ ಉದ್ದ ಕೇಳಿದರೆ 4 ಅಲ್ಲ, 7 ಬರುವುದೂ ಅದಕ್ಕೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಆರ್ಡ್ ಆಜ್ಞೆಗೆ "ಕ" ಕೊಟ್ಟರೆ 3221 ಸಿಗುತ್ತದೆ. ಗುಣಿತ ಚಿಹ್ನೆಗಳೂ ವಿರಾಮವೂ (ವ್ಯಂಜನದ ಸ್ವರವನ್ನು ತೆಗೆದು ಅರ್ಧಾಕ್ಷರ ಮಾಡುವ ಚಿಹ್ನೆ) 3262ರಿಂದ 3277ರ ನಡುವೆ, ಅನುಸ್ವಾರ 3202, ವಿಸರ್ಗ 3203. ಈಗ ಮಗುವೇ ಪರಿಹಾರ ಕಟ್ಟಬಹುದು: ಖಾಲಿ ಪಟ್ಟಿಯೊಂದನ್ನು ಇಟ್ಟುಕೊಂಡು ಪದವನ್ನು ಒಂದೊಂದಾಗಿ ನೋಡುತ್ತ ಹೋಗುವುದು, ಬಂದದ್ದು ಈ ಚಿಹ್ನೆಗಳಲ್ಲಿ ಒಂದಾದರೆ ಪಟ್ಟಿಯ ಕೊನೆಯದಕ್ಕೆ ಅಂಟಿಸುವುದು, ಕೊನೆಯದು ವಿರಾಮದಲ್ಲಿ ಮುಗಿದಿದ್ದರೆ ಬಂದ ವ್ಯಂಜನವನ್ನೂ ಅದಕ್ಕೇ ಅಂಟಿಸುವುದು, ಒತ್ತಕ್ಷರ ಆಗುವುದು ಹಾಗೆ, ಇಲ್ಲದಿದ್ದರೆ ಹೊಸದಾಗಿ ಸೇರಿಸುವುದು. ಪದದ ಬದಲು ಈ ಪಟ್ಟಿಯನ್ನು ತಿರುಗಿಸಿದರೆ ವಿಕಟಕವಿ ಪಾಸಾಗುತ್ತಾನೆ. ಎಂಟನೇ ತರಗತಿಯ ಮಗುವಿಗೆ ಇದು ಒಂದು ಸಂಜೆಯ ಕೆಲಸ. ಕನ್ನಡದಲ್ಲಿ ಯೋಚಿಸುವ ಮಗು ತನ್ನ ಭಾಷೆಗೆ ತಾನೇ ಬರೆದ ಪ್ರೋಗ್ರಾಂ ಅದು. ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಮಾಡಿಸಿ. ಹಾಗೆಯೇ ಇಂಟ್ ಆಜ್ಞೆಗೆ "೨೫" ಎಂದು ಕನ್ನಡ ಅಂಕಿ ಕೊಟ್ಟು ನೋಡಲು ಹೇಳಿ. ಪೈಥಾನ್ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ.

ಮಂಜಿನ ಫೋಟೊ, ಕೆಂಪು ಹಣ್ಣು

ಚಿತ್ರದ ಹೋಂವರ್ಕ್‌ಗೆ ನಾನು ಹೇಳುವುದು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ. ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದರಲ್ಲಿ ಮಕ್ಕಳು ಹೇಳುವ ಮೊದಲ ದೂರು "ಬ್ರಷ್ ಕೆಲಸ ಮಾಡ್ತಿಲ್ಲ" ಎಂಬುದು. ನೋಡಬೇಕಾದದ್ದು ಮೂರು ಜಾಗ. ಎಲ್ಲೋ ಮೂಲೆಯಲ್ಲಿ ಸಣ್ಣ ಸೆಲೆಕ್ಷನ್ ಉಳಿದಿದ್ದರೆ ಅದರ ಹೊರಗೆ ಬಣ್ಣ ಬೀಳುವುದಿಲ್ಲ. ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒತ್ತಿ ಅದನ್ನು ತೆಗೆಯಿರಿ. ಆಮೇಲೆ ಲೇಯರ್ ಪಟ್ಟಿಯಲ್ಲಿ ಯಾವುದು ಆಯ್ಕೆಯಾಗಿದೆ ನೋಡಿ; ಮೇಲಿನ ಲೇಯರ್ ಮುಚ್ಚಿಕೊಂಡಿದ್ದು ಕೆಳಗಿನದಕ್ಕೆ ಬಣ್ಣ ಹೋಗುತ್ತಿರಬಹುದು. ಕೊನೆಗೆ ಬ್ರಷ್‌ನ ಒಪಾಸಿಟಿ, ಅಂದರೆ ಬಣ್ಣ ಎಷ್ಟು ಗಟ್ಟಿಯಾಗಿ ಬೀಳಬೇಕೆಂಬುದು. ರಬ್ಬರ್ ಆಡಿಸಿದ ಕಡೆ ಪಾರದರ್ಶಕ ಆಗುವ ಬದಲು ಬಿಳಿ ಬರುತ್ತಿದ್ದರೆ ಆ ಲೇಯರ್‌ಗೆ ಪಾರದರ್ಶಕತೆಯನ್ನು ಇಟ್ಟುಕೊಳ್ಳುವ ಆಲ್ಫಾ ಚಾನೆಲ್ ಇಲ್ಲ. ಲೇಯರ್ ಮೆನು, ಟ್ರಾನ್ಸ್‌ಪರೆನ್ಸಿ, ಆಡ್ ಆಲ್ಫಾ ಚಾನೆಲ್. ಪಾರದರ್ಶಕ ಜಾಗಕ್ಕೆ ಕಾಣುವ ಬೂದು ಚೌಕಳಿ ಚಿತ್ರದ ಭಾಗವಲ್ಲ, ಪ್ರಿಂಟ್ ಆಗುವುದಿಲ್ಲ. ಆದರೆ ಇಂಟರ್‌ನೆಟ್ಟಿನಿಂದ ಇಳಿಸಿದ ಎಷ್ಟೋ ಚಿತ್ರಗಳಲ್ಲಿ ಆ ಚೌಕಳಿಯನ್ನೇ ಚಿತ್ರವಾಗಿ ಬಿಡಿಸಿರುತ್ತಾರೆ, ಅದು ಪ್ರಿಂಟ್ ಆಗುತ್ತದೆ. ಕೆಳಗೊಂದು ಕೆಂಪು ಲೇಯರ್ ಇಟ್ಟರೆ ಯಾವುದು ನಿಜ ಎಂದು ತಕ್ಷಣ ತಿಳಿಯುತ್ತದೆ.

ರಾಜಾಸೀಟಿನಲ್ಲಿ ತೆಗೆದ ಫೋಟೊ ಮಂಜಿನಲ್ಲಿ ಮಸುಕಾಗಿದೆ ಎಂದು ಮಕ್ಕಳು ಬ್ರೈಟ್‌ನೆಸ್ ಏರಿಸುತ್ತಾರೆ, ಇನ್ನೂ ಬಿಳಿಚಿಕೊಳ್ಳುತ್ತದೆ. ಕಲರ್ಸ್ ಮೆನುವಿನ ಲೆವೆಲ್ಸ್ ತೆರೆದು ಅಲ್ಲಿರುವ ಗುಡ್ಡದಾಕಾರದ ನಕ್ಷೆ ತೋರಿಸಿ. ಎಡಕ್ಕೆ 0 ಅಂದರೆ ಕಪ್ಪು, ಬಲಕ್ಕೆ 255 ಅಂದರೆ ಬಿಳಿ. ಮಂಜಿನ ಫೋಟೊದಲ್ಲಿ ಗುಡ್ಡ 120ರಿಂದ 220ರ ನಡುವೆಯಷ್ಟೇ ಇರಬಹುದು, ಕಪ್ಪು ಅನ್ನುವುದೇ ಇರುವುದಿಲ್ಲ. ಎಡದ ಕಪ್ಪು ತ್ರಿಕೋನವನ್ನು ಗುಡ್ಡ ಶುರುವಾಗುವಲ್ಲಿಗೆ, ಬಲದ ಬಿಳಿಯದನ್ನು ಮುಗಿಯುವಲ್ಲಿಗೆ ಎಳೆದರೆ ಬೆಟ್ಟದ ಸಾಲು ಎದ್ದು ಬರುತ್ತದೆ. ಪೂರ್ತಿ ಎಳೆಯಬೇಡಿ. ನೂರರಷ್ಟು ಛಾಯೆಗಳನ್ನು ಇನ್ನೂರೈವತ್ತಾರಕ್ಕೆ ಹಿಗ್ಗಿಸಿದರೆ ನಡುನಡುವೆ ಬಿರುಕು ಬಿಟ್ಟು ಆಕಾಶದಲ್ಲಿ ಪಟ್ಟೆಗಳು ಕಾಣುತ್ತವೆ. ಮಂಜು ಮಂಜಾಗಿಯೇ ಇರಲಿ, ಅದು ಮಡಿಕೇರಿಯ ಫೋಟೊ.

ಇನ್ನು ಕೆಂಪು ಹಣ್ಣು. ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಕಾಫಿ ಕೊಯ್ಲಿನ ಪೋಸ್ಟರ್ ಪ್ರಿಂಟ್ ಮಾಡಿಸುತ್ತಿದ್ದ. ಪರದೆಯ ಮೇಲೆ ಹಸಿರೆಲೆಯ ನಡುವೆ ಹಣ್ಣು ಹೊಳೆಯುತ್ತಿತ್ತು. ಕಪ್ಪು-ಬಿಳುಪು ಪ್ರಿಂಟ್ ತೆಗೆದಾಗ ಹಣ್ಣೇ ಇಲ್ಲ. "ಅಣ್ಣ, ಮಷಿನ್ ಸರಿ ಇಲ್ವಾ?" ಎಂದು ಅಂಗಡಿಯವರನ್ನು ಕೇಳಿದ. ಮಷಿನ್ ಸರಿಯಾಗಿಯೇ ಇತ್ತು. ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆ. ಬೂದು ಮಾಡುವ ರೂಢಿಯ ಲೆಕ್ಕದಲ್ಲಿ ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲು ಸೇರುತ್ತವೆ, ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುವುದರಿಂದ. ಹಣ್ಣು 180, 30, 30 ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 75. ಎಲೆ 40, 90, 40. ಉತ್ತರ ಸುಮಾರು 69. ಆರರ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ. ಈ ಲೆಕ್ಕವನ್ನು ಮಗು ಕೈಯಲ್ಲೇ ಮಾಡಬಹುದು, ಆಮೇಲೆ ಪೈಥಾನಿನಲ್ಲಿ, ಚಿತ್ರಗಳ ಕೆಲಸಕ್ಕೆ ಮೊದಲೇ ಬರೆದಿಟ್ಟ ಪಿಲ್ಲೊ ಎಂಬ ಲೈಬ್ರರಿ ಹಾಕಿಕೊಂಡು ಇಡೀ ಫೋಟೊಗೆ. ಪ್ರೋಗ್ರಾಮಿಂಗ್ ಬೇರೆ, ಚಿತ್ರ ತಿದ್ದುವುದು ಬೇರೆ ಎಂದು ಪಠ್ಯದಲ್ಲಿ ಎರಡು ಪಾಠ ಮಾಡಿದ್ದಾರೆ. ಮಗುವಿಗೆ ಎರಡೂ ಒಂದೇ ಎಂದು ಗೊತ್ತಾಗುವುದು ಇಂಥ ಜಾಗದಲ್ಲಿ. ಪರಿಹಾರಕ್ಕೆ ಬಣ್ಣದ ಪ್ರಿಂಟ್‌ನ ದುಡ್ಡು ಬೇಕಿಲ್ಲ: ಗಿಂಪ್‌ನಲ್ಲಿ ಹಣ್ಣುಗಳನ್ನು ಸೆಲೆಕ್ಟ್ ಮಾಡಿ ಅವನ್ನಷ್ಟೇ ತಿಳಿ ಮಾಡಿ, ಬೂದು ಮಾಡಿ ಪರದೆಯಲ್ಲೇ ನೋಡಿ, ಆಮೇಲೆ ಪ್ರಿಂಟ್‌ಗೆ ಕೊಡಿ.

ಅಂಗಡಿಗೆ ಹೋಗುವ ಮುಂಚೆ

ಗಿಂಪ್‌ನಲ್ಲಿ ಸೇವ್ ಮಾಡಿದರೆ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ, ಲೇಯರ್‌ಗಳು ಹಾಗೆಯೇ ಉಳಿಯುತ್ತವೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋದೀತೋ, ಕಂಟ್ರೋಲ್ ಎಸ್ ಒತ್ತುವುದು ಕೈಗೆ ತಾನಾಗಿ ಬರಬೇಕು. ಜೆಪಿಜಿ, ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್. ಜೆಪಿಜಿಯಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಮತ್ತೆ ಮತ್ತೆ ತೆರೆದು ತಿದ್ದಿ ಉಳಿಸಿದಷ್ಟೂ ಗುಣಮಟ್ಟ ಕೆಡುತ್ತದೆ, ಹಾಗಾಗಿ ತಿದ್ದುವುದು ಎಕ್ಸ್‌ಸಿಎಫ್‌ನಲ್ಲಿ, ಕೊಡುವುದಕ್ಕಷ್ಟೇ ಜೆಪಿಜಿ. ಫೋನಿನ ಫೋಟೊವನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಎ4 ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ 2480ಕ್ಕೆ 3508 ಬೇಕು, ದೂರದಿಂದ ನೋಡುವ ಚಾರ್ಟ್‌ಗೆ ಅದರ ಅರ್ಧ ಸಾಕು. ಸಣ್ಣ ಚಿತ್ರವನ್ನು ಸ್ಕೇಲ್ ಮಾಡಿ ದೊಡ್ಡದಾಗಿಸಿದರೆ ಚುಕ್ಕೆ ಹೆಚ್ಚುತ್ತವೆ, ವಿವರ ಹೆಚ್ಚುವುದಿಲ್ಲ. ಅಳತೆ ಬದಲಿಸುವಾಗ ಅಗಲ-ಎತ್ತರದ ನಡುವಿನ ಸರಪಳಿ ಚಿಹ್ನೆ ಕೂಡಿಕೊಂಡೇ ಇರಲಿ, ಇಲ್ಲದಿದ್ದರೆ ಪೋಸ್ಟರಿನಲ್ಲಿರುವವರೆಲ್ಲ ದಪ್ಪಗೋ ಸಪೂರಕ್ಕೋ ಆಗಿಬಿಡುತ್ತಾರೆ.

ಪೋಸ್ಟರಿನ ಕನ್ನಡ ಕೊನೆಯ ಗಳಿಗೆಯಲ್ಲಿ ಕೈಕೊಡುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಎಷ್ಟೋ ಸಲ ಯೂನಿಕೋಡ್ ಆಗಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಟೈಪ್ ಮಾಡಿದ್ದರ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದರೆ ಹಳೆಯದು, ಪರಿವರ್ತಿಸಿಕೊಂಡೇ ಗಿಂಪ್‌ಗೆ ತರಬೇಕು. ಗಿಂಪ್ ಒಳಗೆ ನೋಟೋ ಸಾನ್ಸ್ ಕನ್ನಡ, ತುಂಗಾ, ನಿರ್ಮಲಾ ಫಾಂಟ್‌ಗಳಲ್ಲಿ ಒತ್ತಕ್ಷರ ಸರಿಯಾಗಿಯೇ ಬರುತ್ತವೆ. ಅಂಗಡಿಗೆ ಎಕ್ಸ್‌ಸಿಎಫ್ ಫೈಲ್ ಮಾತ್ರ ಒಯ್ದು, ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ, ಅಕ್ಷರ ತಿದ್ದಲು ಹೋದರೆ ಸಾಲುಗಳು ಬೇರೆ ಅಳತೆಗೆ ತಿರುಗುತ್ತವೆ. ಮನೆಯಲ್ಲೇ ಪಿಡಿಎಫ್ ಅಥವಾ ಪಿಎನ್‌ಜಿಗೆ ಎಕ್ಸ್‌ಪೋರ್ಟ್ ಮಾಡಿ, ಅದನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು, ಕಾಗುಣಿತವನ್ನು ಮಗುವೇ ಗಟ್ಟಿಯಾಗಿ ಓದಿದ ಮೇಲೆ ಪೆನ್‌ಡ್ರೈವ್‌ಗೆ ಹಾಕಿ. ಎಕ್ಸ್‌ಸಿಎಫ್ ಕೂಡ ಜೊತೆಗಿರಲಿ, ಟೀಚರ್ ಒಂದು ಪದ ಬದಲಿಸಲು ಹೇಳಿದಾಗ ಮಗುವಿಗೆ ಬೇಕಾಗುವುದು ಅದೇ.